ಕ್ಯೋಟೋದ ಜಿನ್ ಬಗ್ಗೆ ನೀವು ಕೇಳಿದ್ದಕ್ಕೆ

ಬರುವ ಏಪ್ರಿಲ್‌ನಲ್ಲಿ ಕೆಲಸಕ್ಕೆಂದು ಕ್ಯೋಟೋಗೆ ಬರುತ್ತಿರುವುದಾಗಿ ತಿಳಿಸಿ, ಮನೆ ಸಿಗುವುದು ಕಷ್ಟವೇ, ಕಚೇರಿಯ ಕೂಟಗಳಲ್ಲಿ ಕುಡಿಯಲೇಬೇಕೇ, ಜಪಾನಿನ ಜಿನ್‌ಗೆ ಇಷ್ಟೊಂದು ಹೆಸರು ಏಕೆ ಎಂದು ಕೇಳಿದ್ದೀರಿ. ಮನೆಯ ವಿಷಯವನ್ನು ಕಂಪನಿಯವರನ್ನೇ ಕೇಳಿ. ಕುಡಿಯದವರು ಊಲಾಂಗ್ ಚಹಾ ಹೇಳಿದರಾಯಿತು. ಜಿನ್ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಊರು ನನಗೆ ಮೊದಲು ಹತ್ತಿರವಾದದ್ದೂ, ಇಲ್ಲಿ ನಾನು ತಲೆ ತಗ್ಗಿಸಬೇಕಾಗಿ ಬಂದದ್ದೂ ಅದರಿಂದಲೇ.

ನಾನು ಬಂದದ್ದು 2017ರ ವಸಂತದಲ್ಲಿ. ಜಿನ್ ಎಂದರೆ ವೈನ್‌ಶಾಪಿನ ಕ್ವಾರ್ಟರ್ ಬಾಟಲಿ, ಲಿಂಬು ಸೋಡಾ ಸುರಿದು ವಾಸನೆ ಅಡಗಿಸಬೇಕಾದ ಪದಾರ್ಥ ಎಂಬುದಷ್ಟೇ ನನಗೆ ಗೊತ್ತಿತ್ತು. ಇಲ್ಲಿಯವರು ಮನೆಗೆ ಕರೆಯುವುದು ಅಪರೂಪ. ಆದರೂ ಆ ಜೂನ್ ತಿಂಗಳ ಒಂದು ಮಳೆಯ ಸಂಜೆ ಕಚೇರಿಯ ಹಿರಿಯರೊಬ್ಬರು ನನ್ನನ್ನು ಮನೆಗೆ ಕರೆದು, ಹಿಂದಿನ ಅಕ್ಟೋಬರ್‌ನಲ್ಲಷ್ಟೇ ಮಾರಾಟಕ್ಕೆ ಬಂದಿದ್ದ, ಕ್ಯೋಟೋದಲ್ಲೇ ತಯಾರಾಗುವ ‘ಕಿ ನೋ ಬಿ’ ಜಿನ್‌ನ ಬಾಟಲಿಯನ್ನು ಎರಡೂ ಕೈಗಳಲ್ಲಿ ಹಿಡಿದು ಬಗ್ಗಿಸಿದರು. ಸೋಡಾ ಇರಲಿಲ್ಲ; ಒಂದು ಮಂಜುಗಡ್ಡೆ, ಸಮಪ್ರಮಾಣದ ನೀರು, ಅಷ್ಟೇ. ಮೂಗಿಗೆ ಮೊದಲು ಬಂದದ್ದು ಉಜ್ಜುಗೊರಡು ಆಡಿಸಿದ ಹೊಸ ಹಲಗೆಯ ವಾಸನೆ, ಅದು ಹಿನೋಕಿ ಮರದ್ದು. ಅದರ ಹಿಂದೆ ಯುಝು ಎಂಬ ನಿಂಬೆ ಜಾತಿಯ ಹಣ್ಣು, ನಮ್ಮ ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಬರುವಂಥ ಪರಿಮಳ. ನುಂಗಿದ ಮೇಲೆ ನಾಲಿಗೆಯ ತುದಿ ಸಣ್ಣಗೆ ಜುಮ್ಮೆಂದಿತು. ಪಕ್ಕದಲ್ಲಿದ್ದ ಅನ್ನದ ಮೇಲೆ ಸಣ್ಣ ಒಣಮೀನಿನ ಜೊತೆ ಹಸಿರು ಕಾಳುಗಳಿದ್ದವು. ಬಾಯಿಗೆ ಹಾಕಿಕೊಂಡರೆ ಅದೇ ಜುಮ್ಮು. ಅವರು ಅದನ್ನು ಸಾನ್ಶೋ ಎಂದರು. ಕುಮಟೆಯ ಅಡುಗೆಮನೆಯಲ್ಲಿ ಅಮ್ಮ ಬಂಗಡೆ ಸಾರಿಗೆ ಜಜ್ಜಿ ಹಾಕುತ್ತಿದ್ದ ಜುಮ್ಮನಕಾಯಿಯ ಸಮೀಪದ ಬಂಧುವೇ ಈ ಸಾನ್ಶೋ, ಎರಡೂ ಒಂದೇ ಕುಲದ ಸಸ್ಯಗಳು. ಬಂದ ಮೂರನೆಯ ತಿಂಗಳಲ್ಲಿ ಅದು ನನಗೆ ಎಂಥ ಸಮಾಧಾನ ಕೊಟ್ಟಿತೆಂದು ಕರಾವಳಿಯವರಾದ ನಿಮಗೆ ಬೇರೆ ಹೇಳಬೇಕಾಗಿಲ್ಲ.

ತಯಾರಿಕೆಯ ಕ್ರಮವನ್ನೂ ಅಂದೇ ಅವರಿಂದ ಕೇಳಿ ತಿಳಿದೆ. ಸಾಮಾನ್ಯವಾಗಿ ಜಿನ್ ತಯಾರಿಸುವವರು ಜಿನ್‌ಗೆ ಅದರ ಮೂಲ ಪರಿಮಳ ಕೊಡುವ ಜ್ಯೂನಿಪರ್ ಕಾಯಿಯನ್ನೂ ಉಳಿದ ಮಸಾಲೆಗಳನ್ನೂ ಒಂದೇ ಹಂಡೆಯಲ್ಲಿ ಮದ್ಯಸಾರದೊಡನೆ ಕಾಯಿಸಿ ಭಟ್ಟಿ ಇಳಿಸುತ್ತಾರೆ. ಇಲ್ಲಿ ಅಕ್ಕಿಯಿಂದ ತೆಗೆದ ಮದ್ಯಸಾರದಲ್ಲಿ 11 ಪದಾರ್ಥಗಳನ್ನು 6 ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪನ್ನೂ ಬೇರೆಯಾಗಿಯೇ ಭಟ್ಟಿ ಇಳಿಸಿ, ಕೊನೆಗೆ ಎಲ್ಲವನ್ನೂ ಸೇರಿಸಿ ಕ್ಯೋಟೋದ ಫುಶಿಮಿ ಎಂಬ ಭಾಗದ ನೀರಿನಿಂದ ಹದಗೊಳಿಸುತ್ತಾರೆ. ಬಿಸಿಲು ತಾಗದಂತೆ ನೆರಳು ಕಟ್ಟಿ ಬೆಳೆಸಿದ ಗ್ಯೊಕುರೊ ಚಹಾ ಎಲೆಗೆ ಒಂದು ಹದ, ಶುಂಠಿಗೆ ಇನ್ನೊಂದು; ಸಾರಿನ ಪುಡಿಗೆ ಮೆಂತ್ಯ, ಕೊತ್ತಂಬರಿಗಳನ್ನು ಬೇರೆ ಬೇರೆ ಹುರಿಯುವ ಮನೆಯಿಂದ ಬಂದವರಿಗೆ ಇದರ ಅರ್ಥ ತಾನಾಗಿ ಆಗುತ್ತದೆ. ಅದೇ ವರ್ಷ ಬಂದ, ಸನ್‌ಟೋರಿ ಎಂಬ ಜಪಾನಿ ಕಂಪನಿಯ ‘ರೋಕು’ ಜಿನ್‌ನಲ್ಲಿ ಚೆರ್ರಿ ಹೂವು ಮತ್ತು ಎಲೆಯ ಮೃದುತ್ವ ಮುಂದಿರುತ್ತದೆ. ನನ್ನ ಒಲವು ಇಂದಿಗೂ ಕ್ಯೋಟೋದ್ದರ ಕಡೆಗೇ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಆ ರಾತ್ರಿ ಹಿರಿಯರು ಟ್ಯಾಕ್ಸಿ ಕರೆಸುತ್ತೇನೆ ಎಂದರು. ಬಸ್ಸಿನಲ್ಲಿ ಹೋಗುತ್ತೇನೆ ಎಂದು ಸುಳ್ಳು ಹೇಳಿ, ಬೀದಿಯ ತಿರುವಿನಲ್ಲಿ ನಿಲ್ಲಿಸಿದ್ದ ಸೈಕಲ್ ಹತ್ತಿದೆ. ಎರಡು ಗ್ಲಾಸಿಗೆ ಏನಾಗುತ್ತದೆ, ಸೈಕಲ್ ತಾನೇ ಎಂಬ ನಮ್ಮೂರಿನ ಧೈರ್ಯ ನನ್ನದು. ಕಾಮೊ ನದಿಯ ದಂಡೆಯ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದು ಎಡಗೈ ಮುರಿಯಿತು. ಮರುದಿನ ಬೆಳಿಗ್ಗೆ ಹಿರಿಯರು ಹೆಂಡತಿಯೊಡನೆ ಬಂದು, ನನ್ನ ಬಾಗಿಲಲ್ಲಿ ನಿಂತು, ಸೊಂಟದ ಮಟ್ಟಕ್ಕೆ ಬಾಗಿ ಕ್ಷಮೆ ಕೇಳಿದರು. ಕುಡಿಸಿದವನೇ ಅತಿಥಿ ಸುರಕ್ಷಿತವಾಗಿ ಮನೆ ಸೇರುವ ಹೊಣೆ ಹೊರಬೇಕು ಎಂಬುದು ಅವರ ನಂಬಿಕೆ. ನಾನು ಹೇಳಿದ ಸುಳ್ಳಿಗೆ ತಂದೆಯ ವಯಸ್ಸಿನವರು ಬಾಗಿದ್ದನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ.

ಕುಡಿದು ಸೈಕಲ್ ಓಡಿಸುವುದು ಆಗಲೂ ತಪ್ಪೇ ಆಗಿತ್ತು. 2024ರ ನವೆಂಬರ್ 1ರಿಂದ ಕಾನೂನು ಇನ್ನೂ ಬಿಗಿಯಾಗಿದೆ: ಒಂದು ಲೀಟರ್ ಉಸಿರಿನಲ್ಲಿ 0.15 ಮಿಲಿಗ್ರಾಂ ಆಲ್ಕೋಹಾಲ್ ಸಿಕ್ಕರೂ ಸೈಕಲ್ ಸವಾರನಿಗೆ 3 ವರ್ಷದವರೆಗೆ ಸೆರೆ ಅಥವಾ 5 ಲಕ್ಷ ಯೆನ್‌ವರೆಗೆ ದಂಡ. ಸೈಕಲ್ ಓಡಿಸುತ್ತಾನೆಂದು ತಿಳಿದೂ ಕುಡಿಸಿದವರಿಗೂ ಶಿಕ್ಷೆಯಿದೆ. ಆದ್ದರಿಂದ ಯಾರಾದರೂ ಕರೆದರೆ ನಡೆದೋ ರೈಲಿನಲ್ಲೋ ಹೋಗಿ, ಹೇಗೆ ಮರಳುತ್ತೀರೆಂದು ಕೇಳಿದರೆ ಇದ್ದದ್ದನ್ನೇ ಹೇಳಿ.

ಹಿರಿಯರು ಈಗ ನಿವೃತ್ತರು. ಪ್ರತಿ ಡಿಸೆಂಬರ್‌ನಲ್ಲಿ ತಮ್ಮ ಅಂಗಳದ ಯುಝು ಹಣ್ಣುಗಳನ್ನು ಕಾಗದದಲ್ಲಿ ಸುತ್ತಿ ನನಗೆ ಕಳುಹಿಸುತ್ತಾರೆ, ಹೋದಾಗ ಚಹಾ ಕೊಡುತ್ತಾರೆ. ಆ ಬಾಟಲಿಯನ್ನು ಮಾತ್ರ ನನ್ನ ಮುಂದೆ ಅವರು ಮತ್ತೆಂದೂ ತೆರೆದಿಲ್ಲ.