ವಿಎಸ್ ಕೋಡ್‌ನಲ್ಲಿ ಟ್ಯಾಬ್ ಸೈಜ್ 4 ಇಟ್ಟರೂ 2 ಆಗುವುದೇಕೆ?

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಟ್ಯಾಬ್ ಸೈಜ್, ಅಂದರೆ ಟ್ಯಾಬ್ ಒತ್ತಿದರೆ ಎಷ್ಟು ಜಾಗ ಬಿಡಬೇಕು ಎಂಬುದು, 4 ಇಟ್ಟಿದ್ದೀರಿ. ಕೆಲವು ಎಕ್ಸ್‌ಟೆನ್ಷನ್ (ಎಡಿಟರಿಗೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಿಕೊಂಡ ಮೇಲೆ ಒಂದು ಪ್ರಾಜೆಕ್ಟ್‌ನಲ್ಲಿ ಮಾತ್ರ ಅದು 2 ಆಗುತ್ತಿದೆ, ಎಷ್ಟು ಸಲ ಸರಿ ಮಾಡಿದರೂ ನಿಲ್ಲುತ್ತಿಲ್ಲ ಎಂದು ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು, ಎರಡು ದಿನ ತಲೆ ಕೆಟ್ಟು ಹೋಗಿತ್ತು.

ದಯವಿಟ್ಟು ಎಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಮೊದಲು ನಿಮ್ಮ ಸೆಟ್ಟಿಂಗ್‌ಗಳೆಲ್ಲ ಇರುವ ಸೆಟ್ಟಿಂಗ್ಸ್ ಜೇಸನ್ (settings.json) ಫೈಲ್ ತೆರೆದು ನೋಡಿ. ಅಲ್ಲೇ 2 ಎಂದಿದ್ದರೆ ಯಾವುದೋ ಎಕ್ಸ್‌ಟೆನ್ಷನ್ ಬರೆದಿರಬಹುದು. ಆಗ ಆ ಎಕ್ಸ್‌ಟೆನ್ಷನ್ ತೆಗೆದರೂ ಆ ಸಾಲು ಹಾಗೇ ಉಳಿಯುತ್ತದೆ. ನೀವೇ ಅಳಿಸಬೇಕು.

ಅಲ್ಲಿ 4 ಎಂದೇ ಇದ್ದು, ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ‘ಸ್ಪೇಸಸ್: 2’ ಎಂದು ಕಾಣುತ್ತಿದೆಯಾ? ಹಾಗಿದ್ದರೆ ನಿಮ್ಮ ಸೆಟ್ಟಿಂಗ್ ಬದಲಾಗಿಲ್ಲ. ಅದರ ಮೇಲೆ ಬೇರೆ ಯಾರೋ ಕೂತಿದ್ದಾರೆ. ಪ್ರಾಜೆಕ್ಟ್‌ನೊಳಗಿನ ಡಾಟ್ ವಿಎಸ್‌ಕೋಡ್ (.vscode) ಫೋಲ್ಡರ್ ನೋಡಿ, ಅಲ್ಲಿರುವ ಸೆಟ್ಟಿಂಗ್ ನಿಮ್ಮದಕ್ಕಿಂತ ಮೇಲು. ಅಲ್ಲೇನೂ ಇಲ್ಲದಿದ್ದರೆ ‘ಡಿಟೆಕ್ಟ್ ಇಂಡೆಂಟೇಶನ್’ ಮೇಲೆ ಅನುಮಾನ ಪಡಿ. ಇದು ಎಕ್ಸ್‌ಟೆನ್ಷನ್ ಅಲ್ಲ, ಎಡಿಟರಿನದ್ದೇ, ಮೊದಲಿನಿಂದಲೂ ಆನ್ ಇರುತ್ತದೆ. ಫೈಲ್‌ನಲ್ಲಿ ಈಗಾಗಲೇ ಇರುವ ಸಾಲುಗಳನ್ನು ನೋಡಿ 2 ಅಥವಾ 4 ಎಂದು ಊಹಿಸುತ್ತದೆ. ಅದೇ ಫೋಲ್ಡರ್‌ನಲ್ಲಿ ಒಂದು ಖಾಲಿ ಫೈಲ್ ಸೇವ್ ಮಾಡಿ ತೆರೆಯಿರಿ. ಖಾಲಿ ಫೈಲ್‌ನಲ್ಲಿ ಊಹಿಸಲು ಏನೂ ಇಲ್ಲ, ಅಲ್ವಾ? ಆದರೂ 2 ಬಂದರೆ ಎಕ್ಸ್‌ಟೆನ್ಷನ್ ಕೆಲಸವೇ ಇರಬಹುದು.

ಯಾವುದು ಎಂದು ಒಂದೊಂದಾಗಿ ಆಫ್ ಮಾಡಿ ಸುಮ್ನೆ ಕೂರಬೇಡಿ. ಕಂಟ್ರೋಲ್, ಶಿಫ್ಟ್, ಪಿ ಒತ್ತಿ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಹುಡುಕಿ. ಅದು ಅರ್ಧ ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ, ತೊಂದರೆ ಹೋಯಿತಾ ಇದೆಯಾ ಎಂದು ಕೇಳುತ್ತದೆ. ನೀವು ಹೇಳಿದಂತೆ ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತದೆ. 30 ಎಕ್ಸ್‌ಟೆನ್ಷನ್ ಇದ್ದರೂ ಐದಾರು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಜಾಸ್ತಿ ಜನಕ್ಕೆ ಗೊತ್ತಿಲ್ಲ ಅನ್ನೋದೇ ನನಗೆ ಬೇಸರ.

ನನಗೆ ಸಿಕ್ಕಿದ್ದು ಎಡಿಟರ್‌ಕಾನ್ಫಿಗ್ ಎಂಬ ಎಕ್ಸ್‌ಟೆನ್ಷನ್. ಅದರ ತಪ್ಪೇನೂ ಇರಲಿಲ್ಲ. ಡಾಟ್ ಎಡಿಟರ್‌ಕಾನ್ಫಿಗ್ (.editorconfig) ಎಂಬ ಫೈಲ್‌ನಲ್ಲಿ ಬರೆದಿದ್ದನ್ನು ಪಾಲಿಸುವುದೇ ಅದರ ಕೆಲಸ, ನಿಮ್ಮ ಸೆಟ್ಟಿಂಗ್ ಏನೇ ಇರಲಿ. ವಿಎಸ್ ಕೋಡ್ ತಾನಾಗಿ ಆ ಫೈಲ್ ಓದುವುದಿಲ್ಲ. ಹಾಗಾಗಿ ಎಕ್ಸ್‌ಟೆನ್ಷನ್ ಹಾಕುವವರೆಗೂ ಆ ಫೈಲ್ ಮಲಗಿಕೊಂಡೇ ಇತ್ತು. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಹುಡುಕಿದರೆ ಸಿಗಲೇ ಇಲ್ಲ. ಯಾಕೆಂದರೆ ಅದು ಮೇಲಿನ ಫೋಲ್ಡರ್‌ನಲ್ಲಿತ್ತು! ಫೈಲ್ ಇರುವ ಜಾಗದಿಂದ ಒಂದೊಂದೇ ಫೋಲ್ಡರ್ ಮೇಲೆ ಹತ್ತುತ್ತಾ ಹುಡುಕುವುದು ಆ ಎಕ್ಸ್‌ಟೆನ್ಷನ್ನಿನ ಕ್ರಮ. ‘ರೂಟ್’ ಎದುರು ‘ಟ್ರೂ’ ಎಂದಿರುವ ಫೈಲ್ ಸಿಕ್ಕರೆ ಮಾತ್ರ ನಿಲ್ಲುತ್ತದೆ.

ನಿಮ್ಮದೂ ಇದೇ ಆಗಿದ್ದರೆ, ಪ್ರಾಜೆಕ್ಟ್ ನಿಮ್ಮೊಬ್ಬರದೇ ಆಗಿದ್ದಲ್ಲಿ ಅದರೊಳಗೆ ನಿಮ್ಮದೇ ಡಾಟ್ ಎಡಿಟರ್‌ಕಾನ್ಫಿಗ್ ಇಡಿ. ರೂಟ್ ಟ್ರೂ ಮಾಡಿ, ಇಂಡೆಂಟ್ ಸೈಜ್ 4 ಬರೆಯಿರಿ. ತಂಡದ ಪ್ರಾಜೆಕ್ಟ್ ಆಗಿದ್ದರೆ ಮುಟ್ಟಬೇಡಿ. ಆ 2 ಅವರೆಲ್ಲ ಸೇರಿ ಒಪ್ಪಿಕೊಂಡದ್ದಿರಬಹುದು, ಮೊದಲು ಕೇಳಿ.