ಕಂಸದೊಳಗೆ ಉಳಿದ ಎಂಟುನೂರು ಹಪ್ಪಳ

ಈ ವಾರ ಬಂದ ಪತ್ರಗಳ ಪೈಕಿ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಗೃಹಿಣಿಯೊಬ್ಬರ ನಾಲ್ಕು ಪುಟಗಳ ಪತ್ರವನ್ನು ಓದಿ ಮುಗಿಸುವಷ್ಟರಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಹೆಸರು ಹಾಕಬಾರದೆಂದು ಅವರು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಸಿಟ್ಟು ಯಾರ ಮೇಲೆ ಎಂಬುದನ್ನು ಮಾತ್ರ ಬರೆಯದೆ ಇರಲಾರೆ.

ಅವರ ಪತಿ ಮಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದು, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ರಾತ್ರಿ ಮರಳುತ್ತಿದ್ದವರು. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾದಿಂದಾಗಿ ರೈಲು ನಿಂತಿತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು, ಒಳದಾರಿಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದರು. ಆಮೇಲೆ ಲಾಕ್‌ಡೌನ್ ಸಡಿಲವಾದರೂ ಗಡಿ ದಾಟಲು ಪಾಸು ಇದೆ, ಪಾಸು ಇಲ್ಲ ಎಂಬ ಗೊಂದಲ ಮುಗಿಯಲಿಲ್ಲ. ಮಾಲೀಕರು ಒಂದು ತಿಂಗಳು ಅರ್ಧ ಸಂಬಳ ಕೊಟ್ಟು ಕೈ ಚೆಲ್ಲಿದರು. ಮನೆಯಲ್ಲಿ ಅರುವತ್ತೆಂಟರ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗೃಹಸಾಲದ ಕಂತು. ಹಿತ್ತಿಲಲ್ಲಿ ಒಂದಷ್ಟು ತೆಂಗು ಮತ್ತು ಮೂರು ಹಲಸಿನ ಮರ. ಸರಕಾರ ಕೊಟ್ಟ ದಿನಸಿ ಕಿಟ್ಟಿನಿಂದ ಅಡುಗೆ ನಡೆಯುತ್ತಿದೆ, ಕೈಯಲ್ಲಿ ಮಾತ್ರ ಕಾಸಿಲ್ಲ. ಮನೆಯಲ್ಲೇ ಇದ್ದು ತಿಂಗಳಿಗೆ ನಾಲ್ಕು ಕಾಸು ಸಂಪಾದಿಸುವ ದಾರಿ ಯಾವುದು ಎಂಬುದು ಅವರ ಪ್ರಶ್ನೆ. ಮಾಸ್ಕ್ ಹೊಲಿಯಲೇ, ಕೋಳಿ ಸಾಕಲೇ, ಅಡುಗೆಯ ಯೂಟ್ಯೂಬ್ ಚಾನೆಲ್ ಮಾಡಲೇ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಟೈಪಿಂಗ್ ಕೆಲಸಕ್ಕೆ 2,500 ರೂಪಾಯಿ ಕಟ್ಟಿ ಸೇರಲೇ ಎಂದೆಲ್ಲ ಕೇಳಿದ್ದಾರೆ. ಜತೆಗೆ ಅತ್ತೆಯ ಮೇಲೆ ಒಂದು ಪುಟದಷ್ಟು ದೂರು.

ಇಷ್ಟರ ನಡುವೆ, ಮೂರನೆಯ ಪುಟದ ಕೊನೆಗೆ, ಕಂಸದೊಳಗೆ ನಾಲ್ಕು ಸಾಲುಗಳಿವೆ: "ಈ ಬಾರಿ ಬೇರೆ ಕೆಲಸವಿಲ್ಲದ್ದರಿಂದ ನಾನೂ ಅತ್ತೆಯೂ ಸೇರಿ ಹಲಸಿನ ಹಪ್ಪಳ ಹೆಚ್ಚೇ ಮಾಡಿದೆವು. ಬೆಂಗಳೂರಿಗೆ ಮರಳುತ್ತಿದ್ದ ಪರಿಚಿತರ ಕಾರಿನಲ್ಲಿ ಅತ್ತಿಗೆಗೆ ಎಂಟುನೂರು ಕಳುಹಿಸಿದೆವು. ಅವರ ಅಪಾರ್ಟ್‌ಮೆಂಟಿನವರಿಗೆ ತುಂಬ ಇಷ್ಟವಂತೆ, ಪ್ರತಿವರ್ಷವೂ ಕೇಳುತ್ತಾರೆ. ಈಗ ಇನ್ನೂ ನಾನೂರು ಬೇಕಂತೆ."

ಸಂಪಾದನೆಯ ದಾರಿ ಕೇಳಲು ನಾಲ್ಕು ಪುಟ ಬರೆದ ನೀವು, ಪ್ರತಿವರ್ಷ ಕೇಳಿ ಪಡೆಯುವ ಗಿರಾಕಿಗಳನ್ನು ಕಂಸದೊಳಗೆ ಕೂಡಿಹಾಕಿದ್ದೀರಿ. ಎಂಟುನೂರು ಹಪ್ಪಳಕ್ಕೆ ಎಷ್ಟು ಹಣ ಬಂತೆಂದು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ, ಬಂದಿದ್ದರೆ ಬರೆಯುತ್ತಿದ್ದಿರಿ.

ಹಪ್ಪಳದ ಕೆಲಸ ಏನೆಂದು ಅಪಾರ್ಟ್‌ಮೆಂಟಿನವರಿಗೆ ಗೊತ್ತಿಲ್ಲದಿರಬಹುದು, ನಿಮಗೆ ಗೊತ್ತಿದೆ. ಬೆಳೆದ ಕಾಯಿಯನ್ನು ಮರದಿಂದ ಇಳಿಸಬೇಕು. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು, ಮೇಣ ಒರೆಸುತ್ತ, ಸೊಳೆ ಬಿಡಿಸಿ ಬೇಳೆ (ಬೀಜ) ತೆಗೆಯಬೇಕು. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಾರುವ ಮೊದಲೇ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ನಾರು ಉಳಿಯದಂತೆ ಗುದ್ದಬೇಕು. ಆಮೇಲೆ ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು ಒತ್ತಿ, ಅಂಚು ಹರಿಯದಂತೆ ಬಿಡಿಸಿ ಚಾಪೆಯ ಮೇಲೆ ಹರಡಬೇಕು. ಎರಡು ಮೂರು ದಿನ ಒಳ್ಳೆಯ ಬಿಸಿಲು ಬೇಕು, ಮಗುಚಿ ಹಾಕಬೇಕು, ಕಾಗೆ ಕೋಳಿಗಳನ್ನು ಕಾಯಬೇಕು. ಮೇ ತಿಂಗಳ ಸಂಜೆ ಮೋಡ ಕಂಡರೆ ಚಾಪೆಗಳನ್ನೆಲ್ಲ ಎತ್ತಿಕೊಂಡು ಒಳಗೆ ಓಡಬೇಕು. ಇಬ್ಬರು ದಿನವಿಡೀ ಕುಳಿತರೆ ಇನ್ನೂರು ಹಪ್ಪಳ ಎಂದು ಇಟ್ಟುಕೊಳ್ಳೋಣ. ನುರಿತ ಕೈಗಳಾದರೆ ಹೆಚ್ಚಾಗಬಹುದು, ಮಕ್ಕಳು ಕರೆದರೆ ಕಡಿಮೆಯಾಗಬಹುದು. ಎಂಟುನೂರಕ್ಕೆ ನಾಲ್ಕು ದಿನ ಇಬ್ಬರ ದುಡಿಮೆ, ಅಂದರೆ ಎಂಟು ಆಳಿನ ಕೆಲಸ.

ಉದ್ಯೋಗ ಖಾತರಿ ಯೋಜನೆಯಲ್ಲಿ ಕೇರಳದಲ್ಲಿ 2020-21ರ ದಿನಗೂಲಿ 291 ರೂಪಾಯಿ ಆಗಿತ್ತು. ಸರಕಾರವೇ ನಿಗದಿ ಮಾಡಿದ ಆ ದರವನ್ನು ಹಿಡಿದರೂ ನಿಮ್ಮಿಬ್ಬರ ಕೂಲಿ 2,328 ರೂಪಾಯಿ ಆಗುತ್ತದೆ. ನೂರು ಹಪ್ಪಳಕ್ಕೆ ಸರಿಯಾಗಿ ಒಂದು ಆಳಿನ ಕೂಲಿ. ಇದರ ಮೇಲೆ ಮೆಣಸು, ಎಣ್ಣೆ, ಸೌದೆ ಅಥವಾ ಗ್ಯಾಸು, ಕಾಯಿ ಇಳಿಸಿದವನಿಗೆ ಕೊಟ್ಟದ್ದು. ಹಲಸು ಹಿತ್ತಿಲಿನದ್ದಲ್ಲವೇ ಎಂದು ನೀವು ಹೇಳುವಿರಿ. ಹಿತ್ತಿಲ ಹಲಸಿಗೂ ಬೆಲೆ ಹಾಕಬೇಕು. ಕೇರಳ ಸರಕಾರ 2018ರಲ್ಲಿ ಅದನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೂ ನಮ್ಮ ಕಡೆ ಅದು ಮರದ ಬುಡದಲ್ಲೇ ಕೊಳೆಯುತ್ತಿದೆ ಎಂಬ ಕಾರಣಕ್ಕೆ ನಿಮ್ಮ ಮನೆಯದ್ದು ಪುಕ್ಕಟೆಯಾಗುವುದಿಲ್ಲ. ನನ್ನ ಲೆಕ್ಕದಲ್ಲಿ ನೂರಕ್ಕೆ 400 ರೂಪಾಯಿಗಿಂತ ಕಡಿಮೆಗೆ ಕೊಟ್ಟರೆ ನೀವು ಕೈಯಿಂದ ಹಾಕಿದಂತೆ. 500 ಎಂದು ಹೇಳುವುದು ನ್ಯಾಯ.

ಇನ್ನು ನನ್ನ ಸಿಟ್ಟಿನ ವಿಷಯ. ಅದು ನಿಮ್ಮ ಅತ್ತಿಗೆಯವರ, ಅಂದರೆ ನಿಮ್ಮ ಪತಿಯ ಅಕ್ಕನ, ಮೇಲೆ. ಅವರು ಹಪ್ಪಳವನ್ನು ನೆರೆಯವರಿಗೆ ಸುಮ್ಮನೆ ಹಂಚಿದರೋ ಹಣ ಪಡೆದು ಕೊಟ್ಟರೋ ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಸುಮ್ಮನೆ ಹಂಚಿದ್ದರೆ ನಿಮ್ಮ ಬೆನ್ನುನೋವಿನ ಖರ್ಚಿನಲ್ಲಿ ಅವರು ಒಳ್ಳೆಯ ಹೆಸರು ಪಡೆದರು; ಹಣ ಪಡೆದಿದ್ದರೆ ಹೇಳುವುದೇ ಬೇಡ. ಬೆಲೆ ಹೇಳದಿದ್ದದ್ದು ನೀವೇ ಅಲ್ಲವೇ ಎಂದು ಯಾರಾದರೂ ಅವರ ಪರವಾಗಿ ವಾದಿಸಬಹುದು. ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಹಣ ತೆತ್ತು ಸಂಸಾರ ನಡೆಸುವ ಊರಿನಲ್ಲಿ ಇರುವವರು ಅವರು. ತಮ್ಮನಿಗೆ ಸಂಬಳವಿಲ್ಲವೆಂದು ತಿಳಿದವರು. ಎಂಟುನೂರು ಕೈಸೇರಿದ ಮೇಲೆ "ಎಷ್ಟಾಯಿತು?" ಎಂದು ಕೇಳದೆ "ಇನ್ನೂ ನಾನೂರು ಕಳುಹಿಸು" ಎಂದವರನ್ನು ಮುಗ್ಧರೆಂದು ಒಪ್ಪಲು ನನ್ನಿಂದಾಗದು.

ನೀವು ದೂರಿದ ಅತ್ತೆಯವರ ಮೇಲೆ ನನಗೆ ಅಂಥ ಸಿಟ್ಟಿಲ್ಲ. "ಮಗಳಿಗೆ ಕೊಟ್ಟದ್ದಕ್ಕೆ ಹಣ ಕೇಳಿದರೆ ಊರು ನಗುತ್ತದೆ" ಎಂದು ಅವರು ಹೇಳಿದರಂತೆ. ಸರಿಯಾಗಿಯೇ ಹೇಳಿದ್ದಾರೆ. ಮಳೆಗಾಲಕ್ಕೆಂದು ಮಗಳಿಗೆ ಹಪ್ಪಳ ಕೊಡುವುದು ತಾಯಿಯ ಹಕ್ಕು, ಅದಕ್ಕೆ ಲೆಕ್ಕ ಹಚ್ಚಬೇಡಿ. ಆದರೆ ಒಂದು ಸಂಸಾರ ಒಂದು ಮಳೆಗಾಲದಲ್ಲಿ ಎಷ್ಟು ಹಪ್ಪಳ ತಿನ್ನಬಹುದು? ನೂರು ಎಂದು ಹಿಡಿಯೋಣ, ಧಾರಾಳವಾಗಿ ನೂರೈವತ್ತು. ಉಳಿದದ್ದನ್ನು ಆ ವಯಸ್ಸಿನಲ್ಲಿ ನೆಲದ ಮೇಲೆ ಕುಳಿತು ಒತ್ತಿದ್ದು ಅವರಿಗೆ ಹೆಸರು ಕೂಡ ಗೊತ್ತಿಲ್ಲದ ಮೂರನೆಯ ಮಹಡಿಯವರಿಗಾಗಿ. ಇದನ್ನು ಅವರಿಗೆ ಈ ರೀತಿಯಲ್ಲಿ ಬಿಡಿಸಿ ಹೇಳಿದವರಿಲ್ಲ. ಮಗಳ ಪಾಲು ಬೇರೆ, ಮಾರಾಟದ ಕಟ್ಟು ಬೇರೆ ಎಂದು ನೀವು ಎರಡು ಡಬ್ಬಗಳನ್ನು ಅವರ ಮುಂದೆಯೇ ಬೇರ್ಪಡಿಸಿ ಇಡಿ. ಆಮೇಲೂ ಅವರು ಬೇಡವೆಂದರೆ ನನಗೆ ಬರೆಯಿರಿ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಎರಡು ಹಟಗಳು ಗೊತ್ತಿವೆ: ಸರಕು ಮನೆಯಿಂದ ಹೊರಡುವ ಮೊದಲೇ ಬೆಲೆ ಹೇಳಬೇಕು, ಮತ್ತು ದುಡಿದವರ ಹೆಸರಿನ ಖಾತೆಗೇ ಹಣ ಬೀಳಬೇಕು. 2020ರ ಏಪ್ರಿಲ್‌ನಿಂದ ಜೂನ್ ತನಕ ನಿಮ್ಮ ಜನಧನ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬಂತೆಂದು ಬರೆದಿದ್ದೀರಿ. ಖಾತೆ ಇದೆಯೆಂದಾಯಿತು. ಅತ್ತಿಗೆಯವರು ತಮ್ಮನ ಖಾತೆಗೆ ಹಾಕುತ್ತೇನೆಂದರೆ ಬೇಡವೆನ್ನಿ.

ನಿಮ್ಮ ಪತಿ ಸಂಕೋಚದಿಂದ ದಿನವಿಡೀ ಜಗಲಿಯಲ್ಲಿ ಕುಳಿತಿರುತ್ತಾರೆ ಎಂದಿದ್ದೀರಿ. ಇಷ್ಟು ಕಾಲ ಮತ್ತೊಬ್ಬರ ಅಂಗಡಿಯ ಲೆಕ್ಕ ಬರೆದವರು ಮನೆಯ ಹಪ್ಪಳದ ಲೆಕ್ಕ ಬರೆಯಲಿ. ಮಕ್ಕಳ ಹಳೆಯ ನೋಟುಪುಸ್ತಕ ಸಾಕು. ಅವರಿಗೆ ಇನ್ನೂ ಎರಡು ಕೆಲಸಗಳಿವೆ. ಮೊದಲನೆಯದಾಗಿ, ಹತ್ತಿರದ ಅಕ್ಷಯ ಕೇಂದ್ರಕ್ಕೆ (ಸರಕಾರಿ ಆನ್‌ಲೈನ್ ಸೇವೆಗಳ ಕೇಂದ್ರ) ಹೋಗಿ ನಿಮ್ಮ ಹೆಸರಿನಲ್ಲಿ ಆಹಾರ ಸುರಕ್ಷತೆಯ ನೋಂದಣಿಗೆ ಅರ್ಜಿ ಹಾಕಬೇಕು. 2020ರಲ್ಲಿ ವರ್ಷದ ವ್ಯಾಪಾರ 12 ಲಕ್ಷ ರೂಪಾಯಿ ಮೀರದ ಸಣ್ಣವರಿಗೆ ಇದ್ದ ಈ ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ ಆಗಿತ್ತು. ಮನೆಯ ಅಡುಗೆಮನೆಯಲ್ಲಿ ತಯಾರಿಸಿ ಮಾರುವವರಿಗೂ ಇದು ಬೇಕು. ಸಿಗುವ ಹದಿನಾಲ್ಕು ಅಂಕಿಗಳ ಸಂಖ್ಯೆಯನ್ನು, ಏನೇನು ಹಾಕಿದ್ದೀರಿ, ಯಾವ ದಿನ ಮಾಡಿದ್ದೀರಿ, ತೂಕವೆಷ್ಟು ಎಂಬುದರ ಜತೆಗೆ ಕಟ್ಟಿನ ಮೇಲೆ ಚೀಟಿಯಾಗಿ ಅಂಟಿಸಬೇಕು. ಎರಡನೆಯದಾಗಿ, ಬ್ಯಾಂಕಿಗೆ ಹೋಗಬೇಕು. ಕೊರೊನಾ ಕಾಲದಲ್ಲಿ ಸಾಲದ ಕಂತು ಮುಂದೂಡಲು ಇದ್ದ ಅವಕಾಶ 2020ರ ಆಗಸ್ಟ್ 31ಕ್ಕೆ ಮುಗಿಯಿತು. ಕಂತು ಕಟ್ಟದಿದ್ದ ತಿಂಗಳುಗಳ ಬಡ್ಡಿ ಬೆಳೆಯುತ್ತಲೇ ಇದೆ. ಇನ್ನು ಮುಂದೆ ಕಟ್ಟಬೇಕಾದ ಮೊತ್ತವೆಷ್ಟು, ಅವಧಿ ಹೆಚ್ಚಿಸಿ ಕಂತು ಇಳಿಸಲಾದೀತೇ ಎಂದು ಈಗಲೇ ಕೇಳಿ ತಿಳಿಯಲಿ. ಹಪ್ಪಳದ ಹಣದಿಂದ ಗೃಹಸಾಲ ತೀರುತ್ತದೆ ಎಂಬ ಭ್ರಮೆ ನನಗಿಲ್ಲ, ನಿಮಗೂ ಬೇಡ. ನಾನೂರು ಹಪ್ಪಳಕ್ಕೆ ಬರುವುದು 2,000 ರೂಪಾಯಿ. ಆಟಿ ತಿಂಗಳ ಮಳೆಯಲ್ಲಿ ಹೊಸದಾಗಿ ಒಣಗಿಸುವಂತಿಲ್ಲ. ಮತ್ತೆ ಕಾಯಿ ಬೆಳೆಯಬೇಕು, ಬಿಸಿಲು ಬರಬೇಕು. ಹಾಗಾಗಿ ಈಗ ಮಾರಬಹುದಾದದ್ದು ಡಬ್ಬದಲ್ಲಿ ಉಳಿದಿರುವುದನ್ನು ಮಾತ್ರ. ಆದರೆ ಈಗ ಬೆಲೆ ಹೇಳಿದರೆ ಮುಂದಿನ ಬೇಸಗೆಗೆ ಎಷ್ಟು ಒತ್ತಬೇಕು, ಯಾರನ್ನು ಜತೆಗೆ ಕರೆಯಬೇಕು ಎಂಬುದು ಗೊತ್ತಾಗುತ್ತದೆ. ಆಗ ನಿಮ್ಮ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ನಾಲ್ಕು ಮಂದಿಯನ್ನು ಸೇರಿಸಿಕೊಳ್ಳಬಹುದು.

ಕಳುಹಿಸುವ ಮೊದಲು ಡಬ್ಬದ ತಳದಿಂದ ಒಂದೆರಡು ಹಪ್ಪಳ ತೆಗೆದು ಮುರಿದು ನೋಡಿ. ಪಟ್ಟನೆ ತುಂಡಾದರೆ ಸರಿ. ಬಾಗಿದರೆ ಥಂಡಿ ಹಿಡಿದಿದೆ, ಒಲೆಯ ಮೇಲಿನ ಅಟ್ಟದಲ್ಲಿ ಬಿಸಿ ತಾಗಿಸಬೇಕು. ಬಿಳಿ ಚುಕ್ಕೆ ಕಂಡದ್ದನ್ನು, ಒಂದೇ ಇರಲಿ ಹತ್ತೇ ಇರಲಿ, ಮುಲಾಜಿಲ್ಲದೆ ಎಸೆಯಿರಿ. ಐವತ್ತೈವತ್ತರ ಕಟ್ಟು ಮಾಡಿ, ಕೆಳಗೂ ಮೇಲೂ ದಪ್ಪ ರಟ್ಟು ಇಟ್ಟು, ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ. ಪಾರ್ಸೆಲ್ ಖರ್ಚು ಕೊಳ್ಳುವವರದ್ದು. ಉಪ್ಪುಸೊಳೆ (ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಇದೆಯೇ ಎಂದು ಯಾರಾದರೂ ಕೇಳಿದರೆ, ದೂರದ ಊರಿಗೆ ಕಳುಹಿಸುವ ಸಾಹಸ ಬೇಡ. ಭರಣಿಯ ನೀರು ದಾರಿಯಲ್ಲಿ ಸೋರಿದರೆ ಹಪ್ಪಳದ ಹೆಸರೂ ಕೆಡುತ್ತದೆ.

ನೀವು ಕೇಳಿದ ಉಳಿದ ದಾರಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮಾಸ್ಕ್ ಹೊಲಿಯುವ ಕೆಲಸವನ್ನು ಕುಟುಂಬಶ್ರೀಯ ಘಟಕಗಳು 2020ರ ಮಾರ್ಚ್‌ನಲ್ಲೇ ಆರಂಭಿಸಿವೆ, ಈಗ ಹೊಸ ಮೆಷಿನ್ ಕೊಂಡು ಇಳಿಯುವುದು ತಡವಾಯಿತು. ಹಿತ್ತಿಲಲ್ಲಿ ನಾಲ್ಕು ಕೋಳಿ ಇದ್ದರೆ ಮಕ್ಕಳಿಗೆ ಮೊಟ್ಟೆಯಾಗುತ್ತದೆ, ಅದನ್ನು ವ್ಯಾಪಾರವೆಂದು ಕರೆಯಬೇಡಿ. ಯೂಟ್ಯೂಬ್ ಚಾನೆಲ್ಲಿಗೆ ಬೇಕಾದ ಫೋನು ನಿಮ್ಮ ಮನೆಯಲ್ಲಿ ಒಂದೇ ಇದೆ. 2020ರ ಜೂನ್ 1ರಿಂದ ಶಾಲೆಯ ಪಾಠಗಳು ಪರದೆಯ ಮೇಲೆ ಬರತೊಡಗಿದ ಮೇಲೆ ಅದು ಮಕ್ಕಳ ಕೈಯಲ್ಲಿರುವುದೇ ಸರಿ.

ಟೈಪಿಂಗ್ ಕೆಲಸದ ಬಗ್ಗೆ ಮಾತ್ರ ಖಂಡಿತವಾಗಿ ಹೇಳುತ್ತೇನೆ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲಸ ಕೊಡುವವರು ಕೂಲಿ ಕೊಡುತ್ತಾರೆ, ಕೂಲಿಯವರಿಂದ ಹಣ ಕೇಳುವುದಿಲ್ಲ. ಕಟ್ಟಿದ ಮೇಲೆ ಅವರು ನೂರಾರು ಪುಟ ಟೈಪ್ ಮಾಡಿಸಿ, ತಪ್ಪುಗಳು ಹೆಚ್ಚಾದವೆಂದು ನೆಪ ಹೇಳಿ, ಒಪ್ಪಂದ ಮುರಿದದ್ದಕ್ಕೆ ದಂಡ ಕೊಡಿ, ಇಲ್ಲವಾದರೆ ವಕೀಲರ ನೋಟಿಸ್ ಬರುತ್ತದೆ ಎಂದು ಹೆದರಿಸುತ್ತಾರೆ. ಆ ಸಂದೇಶ ಕಳುಹಿಸಿದ ನಿಮ್ಮ ಪತಿಯ ಸ್ನೇಹಿತರು ತಾವು ಅದರಲ್ಲಿ ಎಷ್ಟು ಗಳಿಸಿದರೆಂದು ಕೇಳಿ ನೋಡಿ.

ಇಷ್ಟೆಲ್ಲ ಬರೆದರೂ ನೀವು ಇಂದು ಮಾಡಬೇಕಾದ ಕೆಲಸ ಒಂದೇ. ಫೋನು ಮಕ್ಕಳ ಕೈಯಿಂದ ಬಿಡುವಾದ ಕೂಡಲೇ ಅತ್ತಿಗೆಯವರಿಗೆ ಹೀಗೆ ಬರೆದು ಕಳುಹಿಸಿ: "ಅತ್ತಿಗೆ, ಮೊದಲು ಕಳುಹಿಸಿದ ಎಂಟುನೂರರ ಲೆಕ್ಕ ಕೇಳುವುದಿಲ್ಲ, ಅದು ಅಮ್ಮ ಕೊಟ್ಟದ್ದೆಂದು ಇರಲಿ. ಈಗ ಕೇಳಿದ ನಾನೂರಕ್ಕೆ ನೂರಕ್ಕೆ 500 ರೂಪಾಯಿಯಂತೆ 2,000, ಪಾರ್ಸೆಲ್ ಖರ್ಚು ಬೇರೆ. ಅಪಾರ್ಟ್‌ಮೆಂಟಿನವರಿಂದ ತೆಗೆದು ನನ್ನ ಖಾತೆಗೆ ಹಾಕಿಬಿಡಿ. ನೋಂದಣಿಯ ಸಂಖ್ಯೆ ಸಿಕ್ಕಿದ ಕೂಡಲೇ ಕಟ್ಟು ಹೊರಡುತ್ತದೆ." ಇದಕ್ಕಿಂತ ಒಂದು ಮಾತೂ ಹೆಚ್ಚು ಬರೆಯಬೇಡಿ, ಕ್ಷಮೆಯಂತೂ ಬೇಡವೇ ಬೇಡ. ಉತ್ತರ ತಡವಾದರೆ ಹಪ್ಪಳ ಅಟ್ಟದಲ್ಲಿ ಬೆಚ್ಚಗೆ ಇರುತ್ತದೆ. ಹಣ ಬಂದ ದಿನ ಅರ್ಧವನ್ನು ಅತ್ತೆಯವರ ಕೈಗೆ ಕೊಡಿ, ಎಷ್ಟು ಹಪ್ಪಳಕ್ಕೆ ಎಷ್ಟು ಬಂತೆಂದು ಲೆಕ್ಕದ ಪುಸ್ತಕ ತೋರಿಸಿ ಕೊಡಿ.