ಪ್ರತಿಕ್ರಿಯೆ: ತೋಟದ ಅಂಚಿನಲ್ಲಿ ಸತ್ತ ಮಂಗ, ಹೂತುಬಿಡಬಹುದಾ?

ದಯವಿಟ್ಟು ಹೂಳಬೇಡಿ, ಹತ್ತಿರಕ್ಕೂ ಹೋಗಬೇಡಿ. ತೀರ್ಥಹಳ್ಳಿ ಕಡೆ ತೋಟ, ಅದೂ ಜನವರಿ ಅಂತ ಬರೆದಿದ್ದೀರಿ. ಮಂಗಗಳಿಗೂ ಮನುಷ್ಯರಿಗೂ ಬರುವ ಮಂಗನ ಕಾಯಿಲೆಯ ಕಾಲವೇ ಇದು, ಹೆಚ್ಚುಕಮ್ಮಿ ಮೇ ತಿಂಗಳವರೆಗೂ ಇರುತ್ತದೆ. ಮಂಗ ಅದರಿಂದಲೇ ಸತ್ತಿರಬಹುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು.

ಹೆಸರು ಮಂಗನದ್ದು, ಆದರೆ ಮನುಷ್ಯರಿಗೆ ದಾಟಿಸುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ಮಂಗ ಸತ್ತ ಮೇಲೆ ಮೈಮೇಲಿನ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ನೀವು ಗುದ್ದಲಿ ಹಿಡಿದು ಹೋದರೆ ಸೀದಾ ಅವುಗಳ ಮಧ್ಯೆ ನಿಂತಂತೆ.

ಈಗಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ. ಮಂಗದ ಮಾದರಿ ಪರೀಕ್ಷೆಗೆ ಕಳಿಸುತ್ತಾರೆ, ಸುತ್ತಮುತ್ತ ಉಣುಗು ಸಾಯುವ ಪುಡಿ ಹಾಕುತ್ತಾರೆ. ಅಲ್ಲಿಯವರೆಗೆ ದನಗಳನ್ನೂ ಆ ಕಡೆ ಬಿಡಬೇಡಿ, ಉಣುಗು ಅವುಗಳ ಮೈಗೆ ಹತ್ತಿ ಮನೆಗೆ ಬರುತ್ತದೆ. ಕೊಟ್ಟಿಗೆಗೆ ತರಗೆಲೆ ತರುವುದನ್ನೂ ನಿಲ್ಲಿಸಿ. ಕಷ್ಟ ಅಂತ ಗೊತ್ತು, ನಮ್ಮನೆಯಲ್ಲೂ ಇದಕ್ಕೇ ಜಾಸ್ತಿ ಜಗಳ!

ತೋಟಕ್ಕೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬುತೋಳಿನ ಅಂಗಿ ಹಾಕಿ. ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಮುಂದಿನ ಎರಡು ವಾರದಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪಿರಿನ್ ಅಂತೂ ಬೇಡವೇ ಬೇಡ, ರಕ್ತಸ್ರಾವ ಹೆಚ್ಚಬಹುದು. ಡಾಕ್ಟರಿಗೆ ಮಂಗ ಸತ್ತ ವಿಷಯ ಮೊದಲೇ ಹೇಳಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ಕೆಲಸದವರನ್ನು ದೂರ ಇಡಬೇಡಿ. ಅವರಿಗೂ ಎಣ್ಣೆ ಕೊಡಿಸಿ.